ಬಾಗಿಲವರೆಗಿನ ಹೆಜ್ಜೆಗಳು

ಮೂರನೆಯ ಸಲವೂ ರೆಕಾರ್ಡಿಸ್ಟ್ ಗಾಜಿನ ಆಚೆಯಿಂದ ನಿಲ್ಲಿಸೆಂದು ಕೈ ಎತ್ತಿದ. ಹೆಜ್ಜೆಪ್ಪ ಮರದ ಹಲಗೆಯಿಂದ ಎತ್ತಿದ್ದ ಬರಿಗಾಲನ್ನು ಹಾಗೇ ಗಾಳಿಯಲ್ಲಿ ನಿಲ್ಲಿಸಿಕೊಂಡ. ಎದುರಿನ ಪರದೆಯ ಮೇಲೆ ನಡುಮನೆ ದಾಟುತ್ತಿದ್ದ ಮುದುಕಿಯೂ ಅರ್ಧದಲ್ಲೇ ನಿಂತುಬಿಟ್ಟಳು.

"ಏನೋ ಟಿಕ್ ಟಿಕ್ ಅಂತಿದೆ ಕಣಯ್ಯ," ಎಂದ ರೆಕಾರ್ಡಿಸ್ಟ್, ಸ್ಪೀಕರಿನಲ್ಲಿ. "ಕೈಗಡಿಯಾರ ಬಿಚ್ಚಿಟ್ಟಿದ್ದೀಯಾ ತಾನೆ?"

"ಈ ಕೆಲಸಕ್ಕೆ ಸೇರಿದ ದಿನದಿಂದ ಗಡಿಯಾರ ಕಟ್ಟಿದವನಲ್ಲ ನಾನು. ನಿನ್ನ ಗೋಡೆ ಮೇಲಿರೋದನ್ನ ನೋಡ್ಕೋ ಹೋಗು."

ಮಾತು ನಿಜ. ಹೆಜ್ಜೆಪ್ಪ ಈ ಕೋಣೆಗೆ ಬರುವಾಗ ಜೇಬಿನಲ್ಲಿ ಚಿಲ್ಲರೆ ಇಟ್ಟುಕೊಳ್ಳುವುದಿಲ್ಲ, ಹೊಟ್ಟೆ ಗುರ್ ಎನ್ನಬಾರದೆಂದು ಹಸಿದು ಬರುವುದಿಲ್ಲ, ತೇಗು ಬರಬಾರದೆಂದು ಉಂಡು ಬರುವುದೂ ಇಲ್ಲ. ಸಿನಿಮಾದಲ್ಲಿ ನಟರು ಮಾತಾಡುತ್ತಾರೆ, ಅಳುತ್ತಾರೆ, ಓಡುತ್ತಾರೆ. ಆದರೆ ನಾವು ಕೇಳುವ ಹೆಜ್ಜೆ ಅವರದಲ್ಲ. ಚಿತ್ರವೆಲ್ಲ ತೆಗೆದಾದ ಮೇಲೆ ಯಾರೋ ಒಬ್ಬ ಸದ್ದಿಲ್ಲದ ಕೋಣೆಯಲ್ಲಿ ನಿಂತು, ಪರದೆ ನೋಡುತ್ತ, ಅವರ ಪರವಾಗಿ ನಡೆಯಬೇಕು. ಬಟ್ಟೆಯ ಸರಬರ, ಬಾಗಿಲಿನ ಕಿರುಗುಟ್ಟುವಿಕೆ, ಲೋಟ ಇಟ್ಟ ಸದ್ದು, ಎಲ್ಲ ಅವನದೇ. ಹೆಜ್ಜೆಪ್ಪ ಹಾಗೆ ನಡೆದು ನಡೆದೇ ಆ ಹೆಸರು ಗಳಿಸಿದವನು. ಕಳ್ಳರಿಗೂ ಪೊಲೀಸರಿಗೂ ಒಂದೇ ಕಾಲಿನಲ್ಲಿ ಓಡಿದ್ದಾನೆ. ಮದುವೆಯಾದ ಹೊಸದರಲ್ಲಿ ಅವನ ಚೀಲದಲ್ಲಿ ಹೆಂಗಸರ ಎತ್ತರದ ಹಿಮ್ಮಡಿಯ ಚಪ್ಪಲಿ ಸಿಕ್ಕಿ, ಹೆಂಡತಿ ಮುಖ ಊದಿಸಿಕೊಂಡು ಕೂತಿದ್ದಳು. ಕೊನೆಗೆ ಅವನೇ ಅದನ್ನು ಮೆಟ್ಟಿಕೊಂಡು ನಾಯಕಿಯ ಹಾಗೆ ಪಡಸಾಲೆಯಲ್ಲಿ ನಡೆದು ತೋರಿಸಿದ ಮೇಲೆ, ನಕ್ಕು ನಕ್ಕು ಅವಳ ಕಣ್ಣಲ್ಲಿ ನೀರು ಬಂತು.

ರೆಕಾರ್ಡಿಸ್ಟ್ ಸ್ಟೂಲು ಹತ್ತಿ ಗೋಡೆ ಗಡಿಯಾರ ಇಳಿಸಿ ಬ್ಯಾಟರಿ ಕಿತ್ತ. ಕಾರಿಡಾರಿನ ಫ್ರಿಜ್ಜಿನ ವೈರು ಎಳೆದ. ರೆಕಾರ್ಡಿಂಗ್ ನಡೆದಿದೆ ಎಂದು ತೋರಿಸುವ ಕೆಂಪು ಬಲ್ಬನ್ನೂ ಬಿಡಲಿಲ್ಲ, ತಿರುಗಿಸಿ ತೆಗೆದ. ಮತ್ತೆ ಕೇಳಿದರೆ ಮತ್ತೆ ಟಿಕ್ ಟಿಕ್. ಕೊನೆಗೆ ಹೆಡ್‌ಫೋನ್ ಹಾಕಿಕೊಂಡು, ಮೈಕನ್ನು ಕೈಯಲ್ಲಿ ಹಿಡಿದು ಮೂಲೆ ಮೂಲೆ ಮೂಸುತ್ತ ಬಂದ. ಕಿಟಕಿಯ ಹತ್ತಿರ ಇಲ್ಲ. ಶೂಗಳ ಟ್ರಂಕಿನ ಹತ್ತಿರ ಇಲ್ಲ. ಹೆಜ್ಜೆಪ್ಪನ ಹತ್ತಿರ ಬಂದಾಗ ಅವನ ಹುಬ್ಬು ಮೇಲೇರಿತು. ಮೈಕು ಹೆಜ್ಜೆಪ್ಪನ ಅಂಗಿಯ ಎರಡನೆಯ ಗುಂಡಿಯ ಮುಂದೆ ನಿಂತಿತು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದಂತಾಗಿತ್ತು.

ರೆಕಾರ್ಡಿಸ್ಟ್ ಹೆಡ್‌ಫೋನ್ ತೆಗೆದು ಹೆಜ್ಜೆಪ್ಪನ ಕಿವಿಗಿಟ್ಟ. ಮಾತಾಡದಿದ್ದರೆ ಅದು ಇನ್ನೂ ಚೆನ್ನಾಗಿ ಕೇಳುತ್ತಿತ್ತು.

ಹೆಜ್ಜೆಪ್ಪನ ಹೃದಯದಲ್ಲಿ ಹೊಸ ಕವಾಟ, ಅಂದರೆ ವಾಲ್ವು, ಕೂತು ಎಂಟು ತಿಂಗಳಾಗಿತ್ತು; ಆಮೇಲೆ ಕೆಲಸಕ್ಕೆ ಬಂದದ್ದು ಇವತ್ತೇ ಮೊದಲು. ಆಪರೇಷನ್ನಿಗೆ ಮುಂಚೆ ಡಾಕ್ಟರು ಎರಡು ಬಗೆ ಹೇಳಿದ್ದರು. ಪ್ರಾಣಿಯ ಅಂಗಾಂಶದ್ದಾದರೆ ಕೆಲವು ವರ್ಷಕ್ಕೆ ಸವೆಯುತ್ತದೆ, ಮತ್ತೆ ಎದೆ ತೆರೆಯಬೇಕಾಗಬಹುದು. ಯಂತ್ರದ್ದಾದರೆ ಬಾಳಿಕೆ ಜಾಸ್ತಿ, ಆದರೆ ರಕ್ತ ತೆಳುವಾಗಿಸುವ ಮಾತ್ರೆ ಬದುಕಿರುವ ತನಕ. "ಇನ್ನೊಂದು ಸಲ ಕೊಯ್ಸ್ಕೊಳ್ಳೋ ಧೈರ್ಯ ನನಗಿಲ್ಲ ಸಾರ್, ಯಂತ್ರದ್ದೇ ಹಾಕಿ," ಎಂದಿದ್ದ. ಮೆಟ್ಟಿಲು ಹತ್ತಬಹುದೇ ಎಂದು ಕೇಳಿದ್ದ. ಟ್ರಂಕು ಎತ್ತಬಹುದೇ, ಉಪ್ಪು ಎಷ್ಟು, ಹಲ್ಲು ಕೀಳಿಸುವುದಾದರೆ ಏನು ಮಾಡಬೇಕು, ಎಲ್ಲ ಕೇಳಿದ್ದ. ಹೊಟ್ಟೆಪಾಡಿಗೆ ಸದ್ದನ್ನೇ ನಂಬಿದ ಮನುಷ್ಯ, ಇದು ಸದ್ದು ಮಾಡುತ್ತದೆಯೇ ಎಂದು ಮಾತ್ರ ಕೇಳಲಿಲ್ಲ. ಡಾಕ್ಟರು ಹತ್ತು ಮಾತಿನ ನಡುವೆ ಅದನ್ನೂ ಹೇಳಿದ್ದರಂತೆ. ಹೆಂಡತಿಗೆ ನೆನಪಿತ್ತು, ಅವನಿಗಿರಲಿಲ್ಲ. ಮನೆಗೆ ಬಂದ ಮೊದಲ ವಾರಗಳಲ್ಲಿ ಆ ಟಿಕ್ ಟಿಕ್‌ಗೆ ಕಣ್ಣು ಮುಚ್ಚಲಾಗುತ್ತಿರಲಿಲ್ಲ. ಆಮೇಲೆ ಗಿರಣಿ ಪಕ್ಕದ ಮನೆಯವರಿಗೆ ಗಿರಣಿ ಕೇಳದ ಹಾಗೆ ಅದೂ ಕೇಳದಾಯಿತು.

ಆಸ್ಪತ್ರೆಯಲ್ಲಿ ಮಲಗಿದ್ದಾಗ ರೆಕಾರ್ಡಿಸ್ಟ್ ಬಂದು ಹೇಳಿದ್ದ: "ಒಂದು ಮುದುಕಿಯ ಚಿತ್ರ ಬರ್ತಿದೆ. ಮಾತೇ ಇಲ್ಲ ಅದರಲ್ಲಿ. ಮನೆ ತುಂಬಾ ಅವಳೊಬ್ಬಳೇ ನಡೀತಾಳೆ. ಬೇರೆ ಯಾರ ಕೈಲೂ ಮಾಡ್ಸಲ್ಲ, ನಿನಗೇ ಅಂತ ಇಟ್ಟಿರ್ತೀನಿ. ಎದ್ದು ಬಾ."

ಹೆಜ್ಜೆಪ್ಪ ಎದ್ದದ್ದು ಆ ಮಾತನ್ನು ಹಿಡಿದುಕೊಂಡೇ. ಕೆಮ್ಮು ಬಂದರೆ ದಿಂಬನ್ನು ಎದೆಗೆ ಅವುಚಿಕೊಂಡು ಕೆಮ್ಮಿದ. ಸಂಜೆಯ ಮಾತ್ರೆ ಒಂದು ದಿನವೂ ತಪ್ಪಿಸಲಿಲ್ಲ. ಸೊಪ್ಪು ಒಂದು ದಿನ ಹೆಚ್ಚು ಒಂದು ದಿನ ಕಡಿಮೆ ತಿಂದರೆ ಮಾತ್ರೆಯ ಲೆಕ್ಕ ಏರುಪೇರಾಗುತ್ತದೆಂದು ಡಾಕ್ಟರು ಹೇಳಿದ್ದೇ ತಡ, ಹೆಂಡತಿ ಒಂದೇ ಬಟ್ಟಲಿನಲ್ಲಿ ಅಳೆದು ಬಡಿಸತೊಡಗಿದಳು. ಇನ್ನೊಂದು ಚಮಚ ಕೇಳಿದರೆ, "ನೀವು ಕೇಳಿದ್ದಕ್ಕೆಲ್ಲ ಹೂಂ ಅಂದಿದ್ದಕ್ಕೇ ಇಲ್ಲಿ ತನಕ ಬಂದಿರೋದು," ಎನ್ನುತ್ತಿದ್ದಳು. ರಕ್ತ ಪರೀಕ್ಷೆಗೆ ತೋಳು ಚಾಚುವಾಗಲೂ ಹೆಜ್ಜೆಪ್ಪನಿಗೆ ಮುದುಕಿಯದೇ ಯೋಚನೆ. ವಯಸ್ಸಾದವಳು, ಬರಿಗಾಲು, ಹಳೆಯ ಮರದ ನೆಲ. ಹಿಮ್ಮಡಿ ಮೊದಲೋ, ಬೆರಳು ಮೊದಲೋ?

ಕಷ್ಟವಾದದ್ದು ವಾಕಿಂಗು. ಜೀವಮಾನವೆಲ್ಲ ನಡೆದವನಿಗೆ ನಡೆಯಲು ಬೇಜಾರು! ಮುಂದೆ ಪರದೆ ಇಲ್ಲದೆ, ಯಾರಿಗಾಗಿಯೂ ಅಲ್ಲದೆ, ಸುಮ್ಮನೆ ಕೆರೆ ಏರಿಯ ಮೇಲೆ ನಡೆಯುವುದು ಅವನಿಗೆ ಉಪ್ಪಿಲ್ಲದ ಊಟದ ಹಾಗಿತ್ತು. ಎರಡು ಸಲ ಅರ್ಧದಿಂದಲೇ ವಾಪಸಾದ. ಮೂರನೆಯ ದಿನ ಮುಂದೆ ಹೋಗುತ್ತಿದ್ದ ದಪ್ಪ ಮನುಷ್ಯನ ಹೆಜ್ಜೆಗೆ ಹೆಜ್ಜೆ ಸೇರಿಸತೊಡಗಿದ. ಅವನು ಎಡಗಾಲು ಎಳೆದರೆ ಇವನೂ ಎಳೆದ.

"ರೀ, ಜನ ನೋಡ್ತಾರೆ. ಅಣಕಿಸ್ತಿದ್ದೀರ ಅಂದ್ಕೊಂಡು ಹೊಡೀತಾರೆ ಅಷ್ಟೇ," ಎಂದಳು ಹೆಂಡತಿ.

"ಹೊಡೆದ್ರೆ ನಿಂದೇ ತಪ್ಪು. ನಡೀರಿ ನಡೀರಿ ಅಂತ ಕರ್ಕೊಂಡು ಬಂದವಳು ಯಾರು?"

ಆವತ್ತಿನಿಂದ ವಾಕಿಂಗು ತಪ್ಪಲಿಲ್ಲ. ದಿನಕ್ಕೊಬ್ಬರ ಬೆನ್ನು ಹಿಡಿದು ನಡೆದ. ಅವಳು ಅವನ ಎಡಕ್ಕೆ, ಅರ್ಧ ಹೆಜ್ಜೆ ಹಿಂದೆ. ಬರಬರುತ್ತ ಅವಳೂ, "ಈ ಹೆಂಗಸು ಬೆರಳ ಮೇಲೆ ನಡೀತಾಳೆ ನೋಡಿ, ಮನೇಲಿ ಮಗು ಮಲಗಿರಬೇಕು," ಎನ್ನುವಷ್ಟು ಕಲಿತಿದ್ದಳು.

ಈಗ ಆ ಹೆಂಡತಿ ಕಾರಿಡಾರಿನ ಬೆಂಚಿನ ಮೇಲೆ ಕೂತಿದ್ದಳು. ಟ್ರಂಕು ಎತ್ತಲು ಬಂದವಳು.

ಒಳಗೆ ಇಬ್ಬರೂ ತಮಗೆ ತಿಳಿದದ್ದನ್ನೆಲ್ಲ ಮಾಡಿ ನೋಡಿದರು. ಹೆಜ್ಜೆಪ್ಪನ ಎದೆಗೆ ಕಂಬಳಿ ಸುತ್ತಿದರು. ಮೈಕನ್ನು ನೆಲಕ್ಕೆ ತಾಗಿಸುವಷ್ಟು ಕೆಳಗೆ ತಂದರು. ಟಿಕ್ ತುಸು ಮಂಕಾಯಿತೇ ಹೊರತು ಹೋಗಲಿಲ್ಲ. ರೆಕಾರ್ಡಿಸ್ಟ್ ಕಂಪ್ಯೂಟರಿನಲ್ಲಿ ಅದನ್ನು ಒರೆಸಿದ. ಅದರ ಜೊತೆ ಮುದುಕಿಯ ಹಿಮ್ಮಡಿಯೂ ಒರೆಸಿಹೋಯಿತು, ಅವಳು ನೆಲಕ್ಕೆ ತಾಗದೆ ತೇಲುವ ದೆವ್ವದಂತಾದಳು. ಬರಿಗಾಲಿನ ಸದ್ದೇ ಅಷ್ಟು ಮೆತ್ತಗಿನದು. ಅದಕ್ಕೆ ಅದರಷ್ಟೇ ಮೆತ್ತಗಿನ ಮೌನ ಬೇಕು.

"ಹೊಡೆದಾಟ, ಸಂತೆ, ಮಳೆ, ಅದೆಲ್ಲ ಇನ್ನು ಮುಂದೂ ನಿಂದೇ. ಅದರಲ್ಲಿ ಇದು ಯಾರಿಗೂ ಕೇಳ್ಸಲ್ಲ," ಎಂದ ರೆಕಾರ್ಡಿಸ್ಟ್, ಅವನ ಮುಖ ನೋಡದೆ. "ಇದೊಂದು ಮಾತ್ರ..."

"ಇದೊಂದೇ ಬೇಕಾಗಿತ್ತಲ್ಲೋ ನನಗೆ."

ಹೆಜ್ಜೆಪ್ಪ ಕಂಬಳಿ ಬಿಚ್ಚಿ ಟ್ರಂಕಿನ ಮೇಲೆ ಎಸೆದ. ಅವನಿಗೆ ಅಳು ಬರುವಂತಾಗಿತ್ತು, ಜೊತೆಗೆ ಯಾರನ್ನಾದರೂ ಬೈಯಬೇಕೆನಿಸಿತು. ಬೈಯಲು ಯಾರೂ ಇರಲಿಲ್ಲ. ಬದುಕಿಸಿದ್ದನ್ನೇ ಬೈಯುವುದು ಹೇಗೆ? ಈ ಕೋಣೆಯ ಮೌನದಲ್ಲಿ ಕೂದಲೆಳೆಯಷ್ಟು ಸದ್ದನ್ನೂ ಲೆಕ್ಕ ಹಾಕಿ ಇಡುತ್ತಿದ್ದವನು ಅವನು. ಹೊರಗಿನ ಯಾವ ಕೋಣೆಯಲ್ಲೂ ಸಿಗದ ಆ ಮೌನಕ್ಕಾಗಿಯೇ ಅವನ ಜೀವ ಇಷ್ಟು ತಿಂಗಳು ಹಂಬಲಿಸಿತ್ತು. ಇನ್ನು ಅವನು ಒಳಗೆ ಕಾಲಿಟ್ಟರೆ ಅದು ಇರುವುದಿಲ್ಲ.

"ಬೇರೆ ಯಾರನ್ನಾದ್ರೂ ಕರೆಸ್ಕೋ," ಎಂದ.

"ಇನ್ಯಾರಿದ್ದಾರೆ? ಆ ಇನ್ನೊಬ್ಬನ ಕೈಲಿ ಮಾಡಿಸಿದ್ರೆ ಮುದುಕಿ ಪೆರೇಡ್ ಹೊರಟಂಗಿರುತ್ತೆ. ನಾಳೆ ಚಿತ್ರ ಕಳಿಸ್ಬೇಕು ಬೇರೆ."

ಬಾಗಿಲು ತೆರೆದೇ ಇತ್ತು. ಹೆಂಡತಿ ಹೊಸ್ತಿಲ ಹೊರಗೆ ನಿಂತಿದ್ದಳು, ಯಾವಾಗಿನಿಂದಲೋ.

"ನಾನು ನಡೆದ್ರೆ ಆಗುತ್ತಾ?" ಎಂದಳು.

ಹೆಜ್ಜೆಪ್ಪನಿಗೆ ನಗು ಬಂತು. ಒಳ್ಳೆಯ ನಗುವಲ್ಲ. "ಇದೇನು ತರಕಾರಿ ಅಂಗಡಿಗೆ ಹೋಗಿ ಬಂದಂಗೆ ಅಂದ್ಕೊಂಡ್ಯಾ?"

"ಅಲ್ಲ ಅಂತ ಗೊತ್ತು. ಆದ್ರೂ ಕೇಳ್ದೆ."

ರೆಕಾರ್ಡಿಸ್ಟ್ ಇಬ್ಬರ ಮುಖವನ್ನೂ ನೋಡಿದ. "ಚಪ್ಪಲಿ ಬಿಡಿ ಅಕ್ಕ. ಬಳೇನೂ ತೆಗೀರಿ. ಒಂದ್ಸಲ ನೋಡೇಬಿಡೋಣ."

ಹಾಗೆ ಹೆಜ್ಜೆಪ್ಪ ಗಾಜಿನ ಈಚೆಗೆ ಬಂದು ಕೂತ. ಇಷ್ಟು ವರ್ಷದಲ್ಲಿ ಆ ಕೋಣೆಯನ್ನು ಅವನು ಈಚೆಯಿಂದ ನೋಡಿದ್ದೇ ಕಡಿಮೆ. ಅವನ ಹಲಗೆಯ ಮೇಲೆ ಅವಳು ಸೆರಗು ಸಿಕ್ಕಿಸಿಕೊಂಡು ನಿಂತಿದ್ದಳು. ಅವನಿಗೆ ಹೊಟ್ಟೆಕಿಚ್ಚಾಯಿತು. ಸುಳ್ಳೇಕೆ, ಕಟ್ಟಿಕೊಂಡ ಹೆಂಡತಿಯ ಮೇಲೇ ಹೊಟ್ಟೆಕಿಚ್ಚಾಯಿತು. ತನ್ನ ಜಾಗದಲ್ಲಿ ಅವಳು ಉಸಿರಾಡುತ್ತಿದ್ದಾಳೆ, ಅವಳ ಎದೆ ಯಾರಿಗೂ ಕೇಳಿಸುತ್ತಿಲ್ಲ.

ಮೊದಲ ಸಲ ಅವಳು ತನ್ನ ಕಾಲನ್ನೇ ನೋಡುತ್ತ ನಡೆದಳು. ಪರದೆಯಲ್ಲಿ ಮುದುಕಿ ಎಲ್ಲೋ, ಸದ್ದು ಎಲ್ಲೋ. ಹೆಜ್ಜೆಪ್ಪ ಗುಂಡಿ ಒತ್ತಿ ಮೈಕಿನಲ್ಲಿ ಹೇಳಿದ: "ಕಾಲಿಗೆ ದಾರಿ ಗೊತ್ತು, ಅದನ್ನ ನೋಡ್ಬೇಡ. ಅವಳನ್ನ ನೋಡು." ಎರಡನೆಯ ಸಲ ತುಸು ಸರಿಹೋಯಿತು. ಆಮೇಲಿನ ಸಲ ಅವಳು ಎಡವಿ, ತಾನೇ ನಕ್ಕು, ಬಾಯಿ ಮುಚ್ಚಿಕೊಂಡಳು. "ಭುಜ ಬಿಡು," ಎಂದ. "ಕೆರೆ ಏರಿ ಮೇಲೆ ಹೋಗ್ತಿದ್ದೀಯ ಅಂದ್ಕೋ. ಮುಂದೆ ಹೋಗ್ತಿರೋದು ಆ ಮುದುಕಿ." ಹೇಳುತ್ತ ಹೇಳುತ್ತ ಅವನ ಕಾಲೂ ಮೇಜಿನ ಕೆಳಗೆ ಆಡತೊಡಗಿತ್ತು. ಕೊನೆಗೆ ಅವಳ ಹಿಮ್ಮಡಿ ಹಲಗೆಗೆ ತಾಗಿದ್ದೂ ಮುದುಕಿಯ ಕಾಲು ನೆಲಕ್ಕೆ ತಾಗಿದ್ದೂ ಒಂದೇ ಆಯಿತು. ರೆಕಾರ್ಡಿಸ್ಟ್ ಸದ್ದಿಲ್ಲದೆ ಹೆಬ್ಬೆರಳು ತೋರಿಸಿದ.

"ಇನ್ನು ಬಾಗಿಲಿಂದು," ಎಂದ ಹೆಜ್ಜೆಪ್ಪ. "ಅವಳು ಮುಚ್ಚಿದ ಬಾಗಿಲ ತನಕ ಹೋಗ್ತಾಳೆ. ನಿಂತ್ಕೋತಾಳೆ. ಒಳಗೆ ಯಾರಿದ್ದಾರೆ ಅಂತ ಚಿತ್ರದಲ್ಲಿ ತೋರ್ಸೋದೇ ಇಲ್ಲ, ಅಷ್ಟಕ್ಕೇ ಮುಗಿಯುತ್ತೆ. ಹೋಗಿ ನಿಂತ ಮೇಲೆ ಅಲ್ಲಾಡ್ಬೇಡ, ಕಲ್ಲಿನ ಹಾಗೆ ನಿಲ್ಲು. ತಿಳೀತಾ?"

ಅವಳು ತಲೆಯಾಡಿಸಿದಳು.

ಪರದೆಯಲ್ಲಿ ಮುದುಕಿ ಹೊರಟಳು. ಹಲಗೆಯ ಮೇಲೆ ಇವಳು ಹೊರಟಳು. ಹೆಜ್ಜೆಗಳು ಒಂದೊಂದಾಗಿ ಸ್ಪೀಕರಿನಲ್ಲಿ ಬಂದವು, ಒಣಗಿದ, ಆತುರವಿಲ್ಲದ ಹೆಜ್ಜೆಗಳು. ಬಾಗಿಲು ಬಂತು. ಇಬ್ಬರೂ ನಿಂತರು. ಹೆಜ್ಜೆಪ್ಪ ಉಸಿರು ಬಿಗಿಹಿಡಿದ. ಆಗ ಹಲಗೆ ಸಣ್ಣಗೆ ನರಳಿತು. ಅವಳು ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಹೊರಳಿಸಿದ್ದಳು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಆ ಕಾಲಿಗೆ.

"ಅಲ್ಲಾಡ್ಬೇಡ ಅಂದ್ರೂ..." ಎಂದು ಅವನು ಗುಂಡಿಗೆ ಕೈ ಹಾಕಿದ. ರೆಕಾರ್ಡಿಸ್ಟ್ ಆ ಕೈಯನ್ನು ಹಿಡಿದು ಪರದೆ ತೋರಿಸಿದ. ಮುದುಕಿಯ ಸೀರೆಯ ಅಂಚಿನ ಕೆಳಗೆ ಒಂದು ಹಿಮ್ಮಡಿ ತುಸು ಮೇಲೆದ್ದು, ಮತ್ತೆ ಇಳಿದು, ಇನ್ನೊಂದು ಎದ್ದಿತು. ಹೆಜ್ಜೆಪ್ಪ ಆ ಚಿತ್ರವನ್ನು ಮನೆಯಲ್ಲಿ ಅದೆಷ್ಟು ಸಲ ಹಾಕಿ ನೋಡಿದ್ದನೋ, ಇದು ಕಣ್ಣಿಗೆ ಬಿದ್ದಿರಲೇ ಇಲ್ಲ.

"ಆವತ್ತು ಆಪರೇಷನ್ ಥಿಯೇಟರ್ ಮುಂದೆ ಅಕ್ಕ ಹೀಗೇ ನಿಂತಿದ್ರು," ಎಂದ ರೆಕಾರ್ಡಿಸ್ಟ್ ಮೆಲ್ಲಗೆ, ಸದ್ದಿನ ಮಟ್ಟ ತೋರಿಸುವ ಸೂಜಿಯ ಮೇಲಿಂದ ಕಣ್ಣು ತೆಗೆಯದೆ. "ಬೆಂಚು ಖಾಲಿ ಇತ್ತು. ಕೂತ್ಕೊಳ್ಳಿ ಅಕ್ಕ ಅಂದ್ರೆ, ಇರ್ಲಿ ಬಿಡಿ ಅಂತಿದ್ರು. ನಿನ್ನ ಹೊರಗೆ ತರೋ ತನಕ ಕೂರ್ಲೇ ಇಲ್ಲ. ಸ್ವಲ್ಪ ಹೊತ್ತು ಈ ಕಾಲು, ಸ್ವಲ್ಪ ಹೊತ್ತು ಆ ಕಾಲು."

ಆಸ್ಪತ್ರೆಯಿಂದ ಬಂದ ಮೇಲೆ ಒಂದು ದಿನ ಹೆಜ್ಜೆಪ್ಪ ಅವಳನ್ನು ಕೇಳಿದ್ದ, ಅಷ್ಟು ಹೊತ್ತು ಏನು ಮಾಡಿದೆ ಎಂದು. "ಏನ್ ಮಾಡ್ತಾರೆ? ಬೆಂಚಿನ ಮೇಲೆ ಚೆನ್ನಾಗಿ ನಿದ್ದೆ ಹೊಡೆದೆ," ಎಂದು ನಕ್ಕಿದ್ದಳು. ಅವನೂ ನಂಬಿ ನಕ್ಕಿದ್ದ.

ಪರದೆ ಕಪ್ಪಾಯಿತು. ರೆಕಾರ್ಡಿಸ್ಟ್ ಯಂತ್ರ ನಿಲ್ಲಿಸಿ ಕುರ್ಚಿಗೆ ಒರಗಿದ. ಒಳಗಿದ್ದವಳಿಗೆ ಮುಗಿಯಿತೆಂದು ಯಾರೂ ಹೇಳಿರಲಿಲ್ಲ. ಅವಳು ಕಪ್ಪು ಪರದೆಯ ಮುಂದೆ, ಬಳೆಯಿಲ್ಲದ ಕೈಗಳನ್ನು ಹೊಟ್ಟೆಯ ಮೇಲೆ ಕಟ್ಟಿಕೊಂಡು, ಇಲ್ಲದ ಬಾಗಿಲನ್ನು ನೋಡುತ್ತ ನಿಂತೇ ಇದ್ದಳು. ಹೆಜ್ಜೆಪ್ಪನ ಬೆರಳು ಗುಂಡಿಯ ಮೇಲಿತ್ತು. ಒತ್ತಲಿಲ್ಲ. ಎದ್ದು, ಗಾಜಿನ ಹತ್ತಿರ ಹೋಗಿ ನಿಂತ.

ಅವಳು ಮತ್ತೊಮ್ಮೆ ಕಾಲು ಬದಲಿಸಿದಳು.