ಎಡಬಾಗಿಲಿನ ಮೆತ್ತನೆ ಸದ್ದು

ಶೆಡ್ಡಿನ ಮುಂದೆ ಲಾರಿ ಇಂಜಿನ್ ಆರಿಸದೆ ನಿಂತಿತ್ತು. ಒಳಗಿದ್ದ ಎರಡು ಸೀಟಿನ ಹಳೇ ಸ್ಪೋರ್ಟ್ಸ್ ಕಾರು ಅದನ್ನು ಹತ್ತಿತೆಂದರೆ ಮುಗಿಯಿತು, ಮತ್ತೆ ಕಣ್ಣಿಗೆ ಬೀಳುವುದಿಲ್ಲ. ಅದು ನಮ್ಮಪ್ಪನ ಕಾರು, ಅಪ್ಪ ತೀರಿಕೊಂಡ ವರ್ಷ ಅಂಗಳದಿಂದ ಕಳವಾದದ್ದು ಎಂದು ಅಕ್ಕನ ನಂಬಿಕೆ. ಆದರೆ ಚಾಸಿ ನಂಬರನ್ನು ಯಾರೋ ಉಜ್ಜಿ ತೆಗೆದಿದ್ದರು. ನಂಬೋಣವೆಂದರೆ ನಂಬರೇ ಇಲ್ಲ.

ಅವಳು ಕೊಳ್ಳುವವಳ ವೇಷದಲ್ಲಿ ಬಂದಿದ್ದಳು. ಜೊತೆಗೆ ಹಳೇ ಕಾರುಗಳ ಪರೀಕ್ಷಕ, ಅಡ್ಡಹೆಸರು ಭೂತಗನ್ನಡಿ. ಕಾರು ಅಪ್ಪನದೇ ಎನ್ನಲು ಅವಳಿಗೆ ಗೊತ್ತಿರುವ ಗುರುತು ಏನೆಂದು ತನಗೂ ಮೊದಲೇ ಹೇಳಕೂಡದು, ಬಿಚ್ಚುವ ಮುಂಚೆ ಎಲ್ಲರೆದುರು ಹೇಳಬೇಕು, ತಪ್ಪಿದರೆ ಕಾರನ್ನು ಮರೆಯಬೇಕು ಎಂಬುದು ಅವನ ಷರತ್ತು.

ಬಿಡಿಭಾಗಗಳ ವ್ಯಾಪಾರದಲ್ಲಿ ಮೇಲೆ ಬಂದ ಶೆಡ್ಡಿನ ಸಾಹುಕಾರ ಹೆಚ್ಚಿನ ಬೆಲೆಯ ಆಸೆಗೆ ಇಬ್ಬರನ್ನೂ ಒಳಗೆ ಬಿಟ್ಟ. "ಅಡಿಯಿಂದ ಮುಡಿವರೆಗೂ ಒರಿಜಿನಲ್ ಮೇಡಂ. ಎಲ್ಲಿ ಬೇಕಾದ್ರೂ ಬಿಚ್ಚಿ ನೋಡ್ಕೊಳ್ಳಿ."

ಭೂತಗನ್ನಡಿ ಈ ಗಾಡಿಯದ್ದಲ್ಲದ ಭಾಗಕ್ಕೆಲ್ಲ ಹಳದಿ ಚೀಟಿ ಅಂಟಿಸುತ್ತ ಹೋದ. ಬಲಗನ್ನಡಿ ಆಮೇಲಿನ ಮಾಡೆಲ್ಲಿನದು. ಒಂದು ಹೆಡ್‌ಲೈಟು ಬೇರೆ ಕಂಪನಿಯದು. ರೇಡಿಯೇಟರ್ ಮುಚ್ಚಳ ಟ್ರಾಕ್ಟರಿನದು. ಕಾರಿಗೆ ಸಿಡುಬು ಎದ್ದಂತಾಯಿತು. ಪ್ರತಿ ಚೀಟಿಗೂ ಸಾಹುಕಾರ "ಅದೊಂದು ಬಿಡಿ" ಅನ್ನುತ್ತಿದ್ದ. ಹೀಗೆ ಬಿಡಿಬಿಡಿಯಾಗಿ ಬಿಟ್ಟರೆ ಕೊನೆಗೆ ಹಾರ್ನಿನ ಸದ್ದೊಂದೇ ಉಳಿಯುತ್ತಿತ್ತು.

ಅಕ್ಕ ಒಳಗೆ ಕೂತು ಬಲಗಡೆ ಗಾಜು ಇಳಿಸಿದಳು. ಠಕ್. ಎಡಗಡೆಯದನ್ನು ಇಳಿಸಿದಳು. ದಪ್. ಅದನ್ನೇ ಇನ್ನೊಮ್ಮೆ ಏರಿಸಿ ಇಳಿಸಿದಳು.

ಎರಡು ಬಾಗಿಲಿಗೆ ಎರಡು ಸದ್ದು ಯಾಕೆಂದು ಕೇಳಿದಳು.

"ನನ್ನ ಮಂಡಿನೂ ಹಂಗೇ. ಒಂದು ಕಟಕ್ ಅನ್ನುತ್ತೆ, ಇನ್ನೊಂದು ಅನ್ನಲ್ಲ. ಬಿಡಿ," ಎಂದ ಸಾಹುಕಾರ, ಲಾರಿಯವನಿಗೆ ಕೈಸನ್ನೆ ಮಾಡಿದ. ಕಾರು ಹತ್ತಿಸುವ ಹಲಗೆಗಳು ದಡಬಡ ಇಳಿದವು.

"ಎಲ್ಲಿ ಬೇಕಾದ್ರೂ ಬಿಚ್ಚಿ ಅಂದ್ರಲ್ಲ ಸಾಹುಕಾರ್ರೇ," ಎಂದ ಭೂತಗನ್ನಡಿ. ಸ್ಕ್ರೂಡ್ರೈವರನ್ನು ಎಡಬಾಗಿಲಿಗೆ ಇಟ್ಟು ಅಕ್ಕನ ಮುಖ ನೋಡಿದ.

"ಒಳಗೆ ರಬ್ಬರ್ ಚಪ್ಪಲಿಯ ಹಿಮ್ಮಡಿ ತುಂಡು ಇದೆ. ನಮ್ಮಮ್ಮಂದು, ಕೆಂಪು. ಗಾಜು ಜಾರಿ ಬೀಳ್ತಿತ್ತು ಅಂತ ಅಪ್ಪ ಕುಯ್ದು ತುರುಕಿದ್ರು."

"ಕಾರ್ ನೋಡೋಕೆ ಬಂದ್ರೋ, ಚಪ್ಪಲಿ ನೋಡೋಕೋ?" ಎಂದು ಸಾಹುಕಾರ ನಕ್ಕ. ಆದರೆ ಬಾಗಿಲಿಗೆ ಅಡ್ಡ ಬಂದ. ಭೂತಗನ್ನಡಿ ಅವನ ತೋಳಿನ ಕೆಳಗಿನಿಂದಲೇ ಸ್ಕ್ರೂ ಬಿಚ್ಚಿದ. ಹೊರಗೆ ಬಂದ ತುಂಡು ಕಡುಗಪ್ಪು.

ಅಕ್ಕನ ಜೀವ ಬಾಯಿಗೆ ಬಂತು. ಸಾಹುಕಾರನ ಜೀವ ವಾಪಸು ಬಂತು.

ಭೂತಗನ್ನಡಿ ಪೆಟ್ರೋಲ್ ಬಟ್ಟೆಯಿಂದ ಉಜ್ಜಿದ. ಗ್ರೀಸು ಕರಗಿತು. ಅಡಿಯಲ್ಲಿ ಕೆಂಪು.

ಕೆಂಪು ಚಪ್ಪಲಿ ಊರಲ್ಲಿ ಯಾರಿಗಿಲ್ಲ ಎಂದು ಸಾಹುಕಾರ ವಾದಿಸಿದ. ಅಕ್ಕ ಚೀಲದಿಂದ ಹಿಮ್ಮಡಿಯಿಲ್ಲದ ಒಂಟಿ ಚಪ್ಪಲಿ ತೆಗೆದಳು. ಅಮ್ಮ ಅದನ್ನು ಕೊನೆಯವರೆಗೂ ಎಸೆದಿರಲಿಲ್ಲ, ಅಪ್ಪನಿಗೆ ಬೈಯಲು ಸಾಕ್ಷಿ ಬೇಕಿತ್ತಲ್ಲ. ಅಪ್ಪನ ಚಾಕು ಜಾರಿದ ಸೊಟ್ಟ ಗೆರೆಗೆ ತುಂಡು ಸರಿಯಾಗಿ ಕೂತಿತು.

ಭೂತಗನ್ನಡಿ ಕಾರಿನ ಕೀಯನ್ನು ಜೇಬಿಗಿಳಿಸಿ ಠಾಣೆಗೆ ಫೋನ್ ಮಾಡಿದ. ಸಾಹುಕಾರ ಈ ಸಲ 'ಬಿಡಿ' ಅನ್ನಲಿಲ್ಲ. ಲಾರಿ ಖಾಲಿಯಾಗಿ ಹೊರಟಿತು.

ಅಭ್ಯಾಸಬಲದಿಂದ ಭೂತಗನ್ನಡಿ ಹಿಮ್ಮಡಿಗೂ ಹಳದಿ ಚೀಟಿ ಅಂಟಿಸಲು ಹೋದ. ಅಕ್ಕ ತಡೆದಳು.

"ಅದು ಈ ಗಾಡೀದೇ. ಪೊಲೀಸ್ನೋರು ನೋಡಿದ್ಮೇಲೆ ವಾಪಸ್ ಅಲ್ಲೇ ಇಡಿ. ಗಾಜು ಬೀಳುತ್ತೆ."