ಟೇಪಿನ ಮಡಚಿದ ತುದಿ

ಎಸಿ ಹಾಕಿಕೊಳ್ಳದೆ ಲಾರಿ ಓಡಿಸಿದ, ತನ್ನ ತಪ್ಪಿನಿಂದ ತಾನೇ ಬಿಸಿಲಿಗೆ ಬಿದ್ದ ಎಂದು ತೀರ್ಮಾನಿಸಿ ಕಂಪನಿಯವರು ಡ್ರೈವರನ್ನು ಮನೆಯಲ್ಲಿ ಕೂರಿಸಿದರು. ಮುಂದಿನ ಟೈರಿನ ಗೀರುಗಳೊಳಗೆ ಇರುವೆಗಳು ಸಾಲಾಗಿ ಹೋಗುತ್ತಿವೆ, ಮೇಲಕ್ಕೆ ಹೋಗಿ ಎಲ್ಲಿಗೂ ತಲುಪದೆ ಮತ್ತೆ ಕೆಳಕ್ಕೆ, ಇವಕ್ಕೂ ದಾರಿ ತಪ್ಪಿದೆಯೋ ಏನೋ, ಅವನು ಮನೆಯಂಗಳದಲ್ಲಿ ಇನ್ನೂ ನಿಂತಿರುವ ಲಾರಿಯ ಪಕ್ಕದ ನೆರಳಲ್ಲಿ ಗೋಣಿಚೀಲ ಹಾಸಿ ಮಲಗಿ ನೋಡುತ್ತಿದ್ದಾನೆ, ಕೈಯಲ್ಲಿರುವುದರ ಹೆಸರು ಬಾಯಿಗೆ ಬರುತ್ತಿಲ್ಲ, ನಟ್ಟು ಬಿಚ್ಚುವುದು, ಎರಡು ಕಡೆ ಬಾಯಿ ಇರುವುದು, ಚಮಚ ಅಲ್ಲ, ಬೆಳಿಗ್ಗೆ ಚಮಚ ಕೊಡೇ ಎಂದು ಹೆಂಡತಿಯನ್ನು ಕೇಳಿದ್ದ, ಅವಳು ನಿಜವಾಗಿಯೂ ಚಮಚವನ್ನೇ ತಂದುಕೊಟ್ಟಿದ್ದಳು, ಮುಖದಲ್ಲಿ ನಗು ಇರಲಿಲ್ಲ. ಸ್ಪ್ಯಾನರ್. ಹೌದು, ಸ್ಪ್ಯಾನರ್ — ಅವಳ ತಮ್ಮನ ಅಡ್ಡಹೆಸರೂ ಅದೇ, ಕಂಪನಿಯ ವರ್ಕ್‌ಶಾಪಿನಲ್ಲಿ ಮೆಕ್ಯಾನಿಕ್, ಮದುವೆಯಾದರೂ ಸ್ಪ್ಯಾನರನ್ನೇ ತಬ್ಬಿಕೊಂಡು ಮಲಗುತ್ತಾನೆ ಎಂದು ಮನೆಮಂದಿಯೆಲ್ಲ ಆಡಿಕೊಳ್ಳುವ ಭಾವಮೈದುನ, ಇವತ್ತು ಸಂಜೆ ಬರುತ್ತಾನೆ, ಲಾರಿ ತೆಗೆದುಕೊಂಡು ಹೋಗುತ್ತಾನೆ, ನಾಳೆ ಇದಕ್ಕೆ ಯಾರೋ ಹೊಸಬ ಹತ್ತುತ್ತಾನೆ, ಅಷ್ಟರೊಳಗೆ ಗೊತ್ತಾಗಬೇಕು, ಕೆಟ್ಟಿದ್ದು ಲಾರಿಯೋ ತಾನೋ. ಫ್ಯೂಸ್ ನೋಡಿದೆನೇ? ನೋಡಿದ. ನೋಡಿದ್ದು ನಿನ್ನೆಯೋ ಇವತ್ತೋ? ಎದ್ದು ಮತ್ತೊಮ್ಮೆ ಕ್ಯಾಬಿನ್ನಿಗೆ ಹತ್ತಿ ಮುಚ್ಚಳ ತೆಗೆದು ನೋಡುತ್ತಾನೆ, ಫ್ಯೂಸ್ ಚೆನ್ನಾಗಿದೆ, ಸಾಲಿನಲ್ಲಿ ಸುಮ್ಮನೆ ಕೂತಿದೆ, ಏನೂ ತಿಳಿಯದವರ ಹಾಗೆ. ಬಿದ್ದ ದಿನದಿಂದ ಹೀಗೇ, ಮಾತು ನಾಲಿಗೆಯ ತುದಿಯವರೆಗೆ ಬಂದು ಜಾರಿಹೋಗುತ್ತದೆ, ತಲೆಗೆ ಬಿಸಿಲು ಹೊಡೆದಿದೆ, ನಿಧಾನಕ್ಕೆ ಸರಿಹೋಗುತ್ತೆ, ಆತುರ ಬೇಡ ಅಂದಿದ್ದರು ಡಾಕ್ಟರು. ಎಸಿ ಸರಿಯಾಗಿದೆಯಪ್ಪಾ, ನಿನ್ನ ತಲೆ ಸರಿಯಿಲ್ಲ ಅಂದಿದ್ದ ಮ್ಯಾನೇಜರು, ಆತುರ ಅವನಿಗಿತ್ತು.

ಗುಂಡಿ ಒತ್ತಿದ್ದೆನಲ್ಲ. ಒತ್ತಿದ್ದೆನೇ? ಹಸಿರು ದೀಪ ಹತ್ತಿಕೊಂಡಿದ್ದು ಕಣ್ಣಿಗೆ ಕಟ್ಟಿದೆ, ಆದರೆ ಅವತ್ತು ಕಣ್ಣಿಗೆ ಏನೇನೋ ಕಟ್ಟಿತ್ತು, ರಸ್ತೆಯ ಮೇಲೆ ನೀರು ಹರಿಯುತ್ತಿತ್ತು, ಸತ್ತುಹೋದ ಅಮ್ಮ ಪಕ್ಕದ ಸೀಟಿನಲ್ಲಿ ಕೂತು ಸ್ವೆಟರ್ ಹಾಕ್ಕೊಳೋ ಅನ್ನುತ್ತಿದ್ದಳು, ಅದನ್ನು ನಂಬುವುದಾದರೆ ಹಸಿರು ದೀಪವನ್ನೂ ನಂಬಬೇಕು. ಬೇಸಿಗೆಯ ಮೊದಲ ದೂರದ ಟ್ರಿಪ್ಪು ಅದು, ಚಳಿಗಾಲವೆಲ್ಲ ಎಸಿಯ ತಂಟೆಗೇ ಹೋಗಿರಲಿಲ್ಲ, ಕಿಟಕಿ ತೆರೆದರೆ ಒಲೆಯ ಬಾಯಿ ತೆರೆದ ಹಾಗೆ, ಮುಚ್ಚಿದರೆ ಒಲೆಯೊಳಗೇ ಕೂತ ಹಾಗೆ, ಬೆನ್ನಿಗೆ ಒಂದು ತಗಡಿನಾಚೆ ಕಂಟೇನರ್ ತುಂಬ ಐಸ್‌ಕ್ರೀಮ್, ಅದಕ್ಕೆ ಬೇರೆಯೇ ಮೆಷಿನ್ನು, ಬೇರೆಯೇ ಕಾಳಜಿ, ಗಳಿಗೆಗೊಮ್ಮೆ ಫೋನು, ಟೆಂಪರೇಚರ್ ಎಷ್ಟಿದೆ ನೋಡು, ಡ್ರೈವರಿನ ಟೆಂಪರೇಚರ್ ಎಷ್ಟಿದೆ ಎಂದು ಕೇಳುವ ಫೋನು ಇನ್ನೂ ಬಂದಿಲ್ಲ. ಆಗಲೇ ಅವನು ಹೇಳಿದ್ದ, ಸರ್, ಎಸಿ ತಣ್ಣಗೆ ಬರ್ತಿಲ್ಲ. ಹೇಳಿದ್ದನೇ? ಹೇಳಬೇಕು ಅಂದುಕೊಂಡಿದ್ದನೇ? ಅಂದುಕೊಂಡದ್ದಕ್ಕೂ ಹೇಳಿದ್ದಕ್ಕೂ ನಡುವಿನ ಗೋಡೆ ಈಗ ಬಿದ್ದುಹೋಗಿದೆ. ಲಾರಿ ಅಡ್ಡಾದಿಡ್ಡಿ ಹೋಗಿ ಪಕ್ಕಕ್ಕೆ ನಿಂತದ್ದು, ಹಿಂದೆ ಬರುತ್ತಿದ್ದ ಇನ್ನೊಬ್ಬ ಡ್ರೈವರು ಇಳಿದು ಓಡಿಬಂದದ್ದು, ಕಂಟೇನರಿನ ಬಾಗಿಲು ತೆಗೆದು ಐಸ್‌ಕ್ರೀಮ್ ಡಬ್ಬಗಳ ಮೇಲೆ ಇವನನ್ನು ಮಲಗಿಸಿದ್ದು — ಉಳಿದದ್ದೇ ಅದರಿಂದ ಅಂದರು ಡಾಕ್ಟರು, ಬಾಗಿಲು ಯಾರನ್ನು ಕೇಳಿ ತೆಗೆದೆಯೋ ಎಂದು ಬೈದನಂತೆ ಮ್ಯಾನೇಜರು, ಮಾಲು ಕರಗಿತಾ, ಅದು ಮೊದಲನೇ ಮಾತು, ಎರಡನೇ ಮಾತು ಇರಲಿಲ್ಲ.

ಬೆಲ್ಟು ಬಿಗಿಯಾಗಿದೆ. ಪೈಪಿನಲ್ಲಿ ಎಣ್ಣೆ ಜಿನುಗಿಲ್ಲ, ಎಸಿಯ ಗ್ಯಾಸು ಸೋರಿಲ್ಲ ಎಂದರ್ಥ, ಮುಂದಿನ ಜಾಲರಿ ತೊಳೆದಾಗಿದೆ, ಕೊಳೆಯೆಲ್ಲ ಅಂಗಳದಲ್ಲಿ ಹರಿದು ಹೆಂಡತಿಯ ಕೈಲಿ ಬೈಸಿಕೊಂಡದ್ದೂ ಆಗಿದೆ, ಎಲ್ಲವೂ ಸರಿಯಿದ್ದರೆ ಕೆಟ್ಟದ್ದು ಯಾವುದು, ಒಂದೊಂದಾಗಿ ತಳ್ಳುತ್ತ ಬಂದರೆ ಕೊನೆಗೆ ಉಳಿಯುವುದು ತಾನೊಬ್ಬನೇ. ಲೇ, ಸ್ವಲ್ಪ ಬಾರೇ ಇಲ್ಲಿ. ಅವಳು ಕೈ ಒರೆಸಿಕೊಳ್ಳುತ್ತ ಬಂದಳು, ಇನ್ನೇನು ಬೇಕು, ಫೋರ್ಕಾ ಅಂದಳು, ಅವನು ನಕ್ಕ, ಈ ಸಲ ಅವಳೂ ನಕ್ಕಳು. ಮೇಲೆ ಹತ್ತು, ಕೀ ತಿರುಗಿಸು, ಗೇರಿಗೆ ಕೈ ಹಾಕಬೇಡ. ನಿಮ್ಮ ಸೀಟು ಇಷ್ಟು ಎತ್ತರಾನಾ, ಅದಕ್ಕೇ ನೆಲ ಕಾಣಲ್ಲ ನಿಮಗೆ, ಅನ್ನುತ್ತ ಹತ್ತಿದಳು, ಎಂಜಿನ್ ಗುಡುಗಿತು, ಅವನು ಚಕ್ರದ ಹಿಂದಿನಿಂದ ಕತ್ತು ಚಾಚಿ ಕಂಪ್ರೆಸರ್ ಕಡೆ ಟಾರ್ಚ್ ಬಿಟ್ಟ. ಎಸಿ ಗುಂಡಿ ಒತ್ತು. ಒತ್ತಿದೆ ರೀ. ದೀಪ ಬಂತಾ? ಹಸಿರು ದೀಪ, ಬಂತು. ಅವನು ಕೇಳಿಸದವನ ಹಾಗೆ ಮತ್ತೆ ಕೇಳಿದ, ಬಂತಾ? ಬಂತು ಅಂದ್ನಲ್ಲ, ಕಣ್ಣ ಮುಂದೆ ಉರೀತಿದೆ, ಆದ್ರೆ ಗಾಳಿ ಬಿಸಿ ಬರ್ತಿದೆಯಲ್ರೀ, ಮುಖ ಸುಡ್ತಿದೆ. ಕೆಳಗೆ ಬೆಲ್ಟಿನ ಚಕ್ರ ಗಿರಗಿರ ತಿರುಗುತ್ತಿದೆ, ಅದರ ನಡುವಿನ ತಟ್ಟೆ ಮಾತ್ರ ನಿಂತಿದೆ, ಅದು ಅಂಟಿಕೊಂಡು ಜೊತೆಗೆ ತಿರುಗಿದರೆ ತಾನೇ ತಂಪು. ಎಂಜಿನ್ ಆಫ್ ಮಾಡು. ಅವಳು ಇಳಿದುಬಂದು ಸೆರಗಿನಿಂದ ಮುಖ ಒರೆಸಿಕೊಂಡಳು, ಅವನನ್ನೇ ನೋಡಿದಳು, ಇಷ್ಟು ದಿನ ನೋಡುತ್ತಿದ್ದ ಹಾಗಲ್ಲ.

ಬ್ಯಾಟರಿಯಿಂದ ನೇರ ಒಂದು ವೈರು ಎಳೆದು ಕಂಪ್ರೆಸರಿಗೆ ಮುಟ್ಟಿಸಿದ, ಟಕ್ ಎಂದಿತು, ತಟ್ಟೆ ಒಳಕ್ಕೆ ಅಂಟಿಕೊಂಡಿತು, ತೆಗೆದ, ಬಿಟ್ಟುಕೊಂಡಿತು, ಮತ್ತೆ ಮುಟ್ಟಿಸಿದ, ಟಕ್. ಹಾಗಾದರೆ ಕಂಪ್ರೆಸರಿಗೆ ಏನೂ ಆಗಿಲ್ಲ, ಅದಕ್ಕೆ ಕರೆಂಟೇ ಬರುತ್ತಿಲ್ಲ, ದೀಪಕ್ಕೆ ಬರುವುದು ಇದಕ್ಕೇಕೆ ಬರುವುದಿಲ್ಲ, ದಾರಿಯಲ್ಲಿ ಯಾರು ತಡೆದರು. ವೈರು ಹಿಡಿದು ಬೆರಳಿನಿಂದಲೇ ಹುಡುಕುತ್ತ ಹೋಗುತ್ತಾನೆ, ಕಣ್ಣು ಮಂಜಾಗುತ್ತಿದೆ, ಬೆರಳಿಗೆ ಬಿಸಿಲು ಹೊಡೆದಿಲ್ಲ, ರಬ್ಬರಿನ ಪೈಪಿನ ಹಿಂದೆ, ಕಂಬಿಯ ಮೂಲೆಯಲ್ಲಿ, ಉಬ್ಬಿದ ಒಂದು ಗಂಟು, ಕಪ್ಪು ಟೇಪು, ಸುತ್ತಲಿನದೆಲ್ಲ ದೂಳು ತಿಂದು ಬೂದು ಬಣ್ಣಕ್ಕೆ ತಿರುಗಿದೆ, ಇದೊಂದು ಇನ್ನೂ ಹೊಳೆಯುತ್ತದೆ. ತುದಿ ಹುಡುಕಿದ, ಹುಡುಕಬೇಕಾಗಲೇ ಇಲ್ಲ, ಉಗುರಿಗೆ ತಾನಾಗಿ ಸಿಕ್ಕಿತು, ತುದಿ ಮಡಚಿತ್ತು. ಕೈ ಅಲ್ಲೇ ನಿಂತಿತು. ಮಡಚಿದ ತುದಿ, ಎಲ್ಲಿ ನೋಡಿದ್ದೆ, ಹೆಸರು ಬರುತ್ತಿಲ್ಲ, ಮನೆಯ ಮಿಕ್ಸಿ, ಹೌದು, ಮಿಕ್ಸಿಯ ವೈರು, ಹೆಂಡತಿಯ ತಮ್ಮ ಆಗಷ್ಟೇ ಕೆಲಸ ಕಲಿಯುತ್ತಿದ್ದ, ಅಡುಗೆಮನೆಯ ನೆಲದ ಮೇಲೆ ಕೂತು ಟೇಪು ಸುತ್ತಿ ಚಟ್ಟನೆ ಹರಿದಿದ್ದ, ಹಾಗಲ್ಲ ಕಣೋ, ತುದಿ ಒಂಚೂರು ಮಡಚಿ ಬಿಡು, ನಾಳೆ ಬಿಚ್ಚೋನು ಉಗುರು ಮುರ್ಕೋಬಾರದು, ಎಂದು ಹೇಳಿಕೊಟ್ಟವನು ತಾನೇ. ವರ್ಕ್‌ಶಾಪಿನಲ್ಲಿ ಯಾರೂ ಹೀಗೆ ಮಡಚುವುದಿಲ್ಲ, ಅಷ್ಟು ಪುರುಸೊತ್ತು ಯಾರಿಗಿದೆ, ಲೋಕದಲ್ಲಿ ಇಬ್ಬರೇ. ಹಾಗಾದರೆ ಇದನ್ನು ಸುತ್ತಿದವನು ತಾನೇನೋ, ಸುತ್ತಿ ಮರೆತೆನೇನೋ. ಟೇಪು ಬಿಚ್ಚಿದ. ಇಲಿ ಕಡಿದದ್ದಲ್ಲ, ಕಾವಿಗೆ ಕರಗಿದ್ದಲ್ಲ, ಕಟಿಂಗ್ ಪ್ಲೇಯರಿನಿಂದ ನೇರ ಕತ್ತರಿಸಿದ ಎರಡು ತುದಿ, ಒಂದಕ್ಕೊಂದು ಮುಟ್ಟದ ಹಾಗೆ ಬೇರೆ ಬೇರೆ ಸುತ್ತಿ, ಮತ್ತೆ ಒಟ್ಟಿಗೆ ಸುತ್ತಿ, ಎಷ್ಟು ನೀಟಾದ ಕೆಲಸ, ಕಲಿಸಿದವನಿಗೆ ಹೆಮ್ಮೆಯಾಗಬೇಕು.

ಭಾವ, ಈ ಬಿಸಿಲಲ್ಲಿ ಇಲ್ಲೇನ್ ಮಾಡ್ತಿದೀರಾ, ಅಕ್ಕ, ನೀನಾದ್ರೂ ಹೇಳಬಾರ್ದಾ ಇವರಿಗೆ, ಎನ್ನುತ್ತ ಸ್ಪ್ಯಾನರ್ ಬಂದ, ಸಂಜೆಯಾಯಿತೇ ಆಗಲೇ, ಕೈ ಚಾಚಿ ಕೀ ಕೇಳಿದ, ಆಮೇಲೆ ಭಾವನ ಅಂಗೈಯಲ್ಲಿದ್ದ ಟೇಪನ್ನು ಕಂಡ. ಇದು ನಾನು ಸುತ್ತಿದ್ದಾ, ನೀನಾ? ಬೈಯುವುದಕ್ಕೆ ಕೇಳಿದ್ದಲ್ಲ, ನಿಜವಾಗಿಯೂ ತಿಳಿಯಬೇಕಿತ್ತು. ಸ್ಪ್ಯಾನರ್ ಅಕ್ಕನ ಕಡೆ ನೋಡಿದ, ಅವಳು, ನನ್ನ ಮುಖ ಏನ್ ನೋಡ್ತೀಯೋ, ಕೇಳ್ತಿರೋರಿಗೆ ಹೇಳು ಅಂದಳು. ನಾನೇ ಭಾವ. ಎಲ್ಲಾ ಗಾಡಿದೂ ಎಸಿ ವೈರು ಕತ್ತರಿಸು ಅಂದ್ರು ಮ್ಯಾನೇಜರು, ಡೀಸೆಲ್ ಉಳಿಯುತ್ತೆ, ದೀಪ ಉರೀತಾ ಇದ್ರೆ ಡ್ರೈವರ್‌ಗಳಿಗೇನ್ ಗೊತ್ತಾಗುತ್ತೆ ಅಂದ್ರು. ಆಗ ಚಳಿ ಇತ್ತು, ಬೇಸಿಗೆಗೆ ಮುಂಚೆ ನಿಮ್ಮದೊಂದಾದ್ರೂ ಜೋಡಿಸಿಬಿಡೋಣ ಅಂದ್ಕೊಂಡಿದ್ದೆ. ಮರೆತುಬಿಟ್ಟೆ. ಹೆಂಡತಿ ಕೆಳಗೆ ಬಿದ್ದಿದ್ದ ಚಮಚವನ್ನು ಎತ್ತಿಕೊಂಡಳು, ತಮ್ಮನ ಮೇಲೆ ಎಸೆಯುತ್ತಾಳೆ ಅಂದುಕೊಂಡ, ಎಸೆಯಲಿಲ್ಲ. ಅಷ್ಟರಲ್ಲಿ ಸ್ಪ್ಯಾನರಿನ ಫೋನು, ಮ್ಯಾನೇಜರು, ಎಲ್ಲಿದೀಯೋ, ಸ್ಪ್ಯಾನರ್, ಭಾವ ಟೇಪು ಬಿಚ್ಚಿಬಿಟ್ಟಿದಾರೆ ಸರ್ ಎಂದು ಫೋನನ್ನೇ ಭಾವನ ಮುಂದೆ ಹಿಡಿದ, ಜೋರು ದನಿ ಅಂಗಳಕ್ಕೆಲ್ಲ ಕೇಳುತ್ತಿತ್ತು. ನೋಡಪ್ಪಾ, ಬಿಚ್ಚಿದ್ದು ಬಿಚ್ಚಿದೆ, ಇದ್ದ ಹಾಗೇ ಸುತ್ತಿ ಕೀ ಕೊಟ್ಟು ಕಳಿಸು. ಎಸಿ ಹಾಕ್ಕೊಳೋದು ಮರೆತೆ ಅಂತ ಒಂದು ಮಾತು ಹೇಳು, ಮುಂದಿನ ವಾರ ಗಾಡಿ ಹತ್ತು, ಯಾರ ಹೊಟ್ಟೆ ಮೇಲೂ ಹೊಡೆಯೋನಲ್ಲ ನಾನು. ಹೇಗಿದ್ರೂ ನಿನಗೆ ಈಗ ಏನೂ ನೆನಪಿರಲ್ಲ. ಅವತ್ತೂ ಹಾಗೇ, ಗಳಿಗೆಗೊಂದು ಸಲ ಫೋನ್ ಮಾಡಿ ತಣ್ಣಗೆ ಬರ್ತಿಲ್ಲ, ತಣ್ಣಗೆ ಬರ್ತಿಲ್ಲ, ದೀಪ ಉರೀತಿದೆಯೇನೋ ಅಂದ್ರೆ ಉರೀತಿದೆ ಸರ್ ಅಂತ ನೀನೇ ಹೇಳಿದ್ಯಲ್ಲ, ಉರೀತಿದ್ರೆ ಸುಮ್ನೆ ಓಡ್ಸು ಅಂದಿದ್ದೆ ನಾನು —

ತಾನೇನು ಅಂದೆ ಎಂದು ಫೋನಿಗೂ ಕೇಳಿಸಿತೇನೋ. ಹೇಳಿದ್ದೆ. ಹಾಗಾದರೆ ಹೇಳಿದ್ದೆ. ಗುಂಡಿ ಒತ್ತಿದ್ದೆ, ದೀಪ ನೋಡಿದ್ದೆ, ಹೇಳಿದ್ದೆ, ಅಮ್ಮ ಸ್ವೆಟರ್ ಹಾಕ್ಕೋ ಅಂದದ್ದು ಸುಳ್ಳು, ಇದು ಸುಳ್ಳಲ್ಲ, ಬಿದ್ದಿದ್ದ ಗೋಡೆ ಒಂದು ಕಡೆಯಿಂದ ಎದ್ದು ನಿಂತಿತು. ಭಾವ, ಕೀ ಕೊಟ್ಟುಬಿಡಿ, ಟೇಪು ನಾನು ಸುತ್ತುತೀನಿ, ಇಬ್ಬರ ಕೆಲಸಾನೂ ಉಳಿಯುತ್ತೆ, ಎಂದು ಸ್ಪ್ಯಾನರ್ ಪಿಸುಗುಟ್ಟುತ್ತಾನೆ, ನಾಳೆ ಹತ್ತುವ ಹೊಸಬನ ಹಿಂದೆ ಯಾವ ಲಾರಿಯೂ ಬರದೆ ಇರಬಹುದು, ಯಾರೂ ಬಾಗಿಲು ತೆಗೆಯದೆ ಇರಬಹುದು, ಕೀ ಅಂಗಿಯ ಜೇಬಿನಲ್ಲಿದೆ, ಅದರ ಹೆಸರು ಸರಿಯಾಗಿ ನೆನಪಿದೆ. ಕೊಡಲ್ಲ, ಅಂದ. ಏನಂದೆ? ಅಂದಿತು ಫೋನು. ನಾನು ಮರೆತಿಲ್ಲ ಸರ್, ಸುತ್ತಲ್ಲ, ಕೀನೂ ಕೊಡಲ್ಲ. ಸ್ಪ್ಯಾನರ್ ತಲೆ ತಗ್ಗಿಸಿ ನಿಂತಿದ್ದಾನೆ, ಅವನನ್ನು ಒಂದೇ ಒಂದು ಕೇಳಬೇಕು, ಯಾರಿಗೂ ಗೊತ್ತಾಗಬಾರದು ಎಂದು ಕತ್ತರಿಸಿದವನು ಬಿಚ್ಚುವವನ ಉಗುರಿಗೆಂದು ಯಾಕೆ ಮಡಚಿದೆಯೋ, ಕೈಯ ಅಭ್ಯಾಸವೋ, ಯಾರಾದರೂ ಬಿಚ್ಚಲಿ ಎಂದೋ, ಬಾಯಿ ತೆರೆದರೆ ಮಾತು ಬರುತ್ತಿಲ್ಲ, ಅಂಗೈಯಲ್ಲಿ ಟೇಪಿನ ಚೂರು, ಅದರ ತುದಿ, ಒಂಚೂರೇ ಒಂಚೂರು, ಮಡಚಿದ್ದು.