ಎದುರಿನ ಮಣೆ

“ದುಡ್ಡು ಬಂದೈತಮ್ಮಾ. ಆದ್ರೆ ನೀವು ತೆಗೆಯಾಕೆ ಬರಲ್ಲ.”

ಜಗಳೂರಿನ ಬ್ಯಾಂಕಿನಲ್ಲಿ ಸಾಲದ ಮೇಜಿಗೆ ಕೂರುವ ಶಾಂತಲಾ ಮೇಡಂ ಇದನ್ನು ಎರಡನೇ ಸಲ ಹೇಳಿದರು. ಮೊದಲ ಸಲ ಹೇಳಿದಾಗ ಕರಿಯಕ್ಕ ನಕ್ಕುಬಿಟ್ಟಿದ್ದಳು. ಬಂದ ದುಡ್ಡನ್ನು ತೆಗೆಯಲು ಬಾರದು ಎಂದರೆ ಅದು ಬಂದ ಹಾಗೆ ಹೇಗಾಯಿತು? ಈಗ ಮೇಡಂ ಕಂಪ್ಯೂಟರಿನ ಪರದೆಯನ್ನೇ ಅವಳ ಕಡೆಗೆ ತಿರುಗಿಸಿದರು. ಕರಿಯಕ್ಕನಿಗೆ ಓದಲು ಬಾರದು. ಆದರೂ ಕೆಂಪು ಅಕ್ಷರದಲ್ಲಿರುವುದು ಒಳ್ಳೆಯ ಸುದ್ದಿಯಲ್ಲ ಎನ್ನುವಷ್ಟು ತಿಳಿಯಿತು.

“ಎಂಬತ್ನಾಲ್ಕು ಸಾವಿರ ಹೋಲ್ಡ್ ಆಗೈತೆ. ನಿಮ್ಮ ಗುಂಪಿನ ಸಾಲಕ್ಕೆ ಅಂತ ಬ್ಯಾಂಕು ತಡೆ ಹಿಡಿದೈತೆ. ಉಳಿದಿದ್ದು ಬೇಕಾದ್ರೆ ಇವತ್ತೇ ತಗೊಳ್ರಿ.”

“ನನ್ ಸಾಲ ತೀರೈತಲ್ರೀ ಮೇಡಂ. ಕೈ ಮುರಿಯಾಕೆ ಮುಂಚೇನೇ ಕಟ್ಟಿ ಚೀಟಿ ಇಸ್ಕಂಡಿದೀನಿ.”

“ನಿಮ್ದು ತೀರೈತೆ. ಗಂಗೋತ್ರಿ ಅನ್ನೋರದು ತೀರಿಲ್ಲ. ಅವರಿಗೆ ನೀವು ಜಾಮೀನು.”

ಹದಿನಾಲ್ಕು ತಿಂಗಳಿಂದ ಕರಿಯಕ್ಕನ ಎದುರು ಯಾರೂ ಆಡದ ಹೆಸರು ಅದು.

ಅವಳ ಕೈ ಮುರಿದ ಅಪಘಾತಕ್ಕೆ ಕಾರಿನ ವಿಮೆಯವರು ಲೋಕ ಅದಾಲತ್ತಿನಲ್ಲಿ ರಾಜಿಗೆ ಬಂದು ಕೊಟ್ಟದ್ದು ಒಂದು ಲಕ್ಷ ತೊಂಬತ್ತು ಸಾವಿರ. ಅಷ್ಟೂ ತನ್ನದೇ ಎಂದು ಅವಳೇನೂ ಹಿಗ್ಗಿರಲಿಲ್ಲ. ವಕೀಲರ ಫೀಸು ಮೂವತ್ತು. ಆಸ್ಪತ್ರೆಯ ಹೊತ್ತಿನಲ್ಲಿ ತಮ್ಮ ಗಾದ್ರಪ್ಪ ಹೆಂಡತಿಯ ಸರ ಅಡವಿಟ್ಟಿದ್ದ, ಅದನ್ನು ಬಿಡಿಸಲು ನಲವತ್ತೆಂಟು. ಇಷ್ಟು ಕಳೆದ ಮೇಲೂ ಆಪರೇಷನ್ನಿಗೆ ಬೇಕಾದ ಎಂಬತ್ತು ಸಾವಿರಕ್ಕೆ ಕೊರತೆಯಿರಲಿಲ್ಲ. ಈಗ ತಡೆ ಹಿಡಿದದ್ದನ್ನೂ ಕಳೆದರೆ ಉಳಿಯುವುದು ಇಪ್ಪತ್ತೆಂಟೇ. ದಾವಣಗೆರೆಯ ಡಾಕ್ಟರು ಅವಳ ಬಲಗೈಯ ಸೆಟೆದ ಬೆರಳುಗಳನ್ನು ಒಂದೊಂದಾಗಿ ಎತ್ತಿ ನೋಡಿ, “ಇನ್ನೊಂದು ಆಪರೇಷನ್ ಮಾಡಿದ್ರೆ ಮಡಚ್ತಾವೆ. ಸರ್ಕಾರಿ ಕಾರ್ಡಿಗೆ ಇದು ಬರಲ್ಲ. ದೀಪಾವಳಿ ಒಳಗೆ ಬನ್ನಿ, ಆಮೇಲೆ ಬಂದ್ರೆ ನನ್ನ ಕೈಲೂ ಆಗಲ್ಲ” ಎಂದಿದ್ದರು. ಅಂದಿನಿಂದ ಕರಿಯಕ್ಕ ದೀಪಾವಳಿಯನ್ನೇ ಎದುರು ನೋಡುತ್ತಿದ್ದಳು. ಬೆರಳು ಮಡಚಿದರೆ ಅಡಿಕೆ ಹಿಡಿಯಬಹುದು. ಅಡಿಕೆ ಹಿಡಿದರೆ ಸುಲಿಯುವ ಸಾಲಿನಲ್ಲಿ ಮತ್ತೆ ಕೂರಬಹುದು. ಅವಳಿಗೆ ಬೇಕಾಗಿದ್ದುದು ಆ ಸಾಲು, ಬೇರೇನಲ್ಲ.

ಗಂಡ ಸತ್ತು ಇಪ್ಪತ್ತು ವರ್ಷ, ಮಕ್ಕಳಿಲ್ಲ. ತಮ್ಮನ ಮನೆಯ ಪಕ್ಕ ಕುರಿ ಹಟ್ಟಿಗೆ ಆತುಕೊಂಡ ಒಂದು ಕೋಣೆ ಅವಳದು. ತಮ್ಮನ ಮನೆಯವರು ಕೆಟ್ಟವರಲ್ಲ, ಹೊತ್ತಿಗೆ ಸರಿಯಾಗಿ ತಟ್ಟೆ ಕಳಿಸುತ್ತಾರೆ. ಆದರೆ ಇಡೀ ದಿನಕ್ಕೆ ಅವಳ ಪಾಲಿಗೆ ಬೀಳುವ ಮಾತು “ನೀರು ಕಾದೈತೆ”, “ಉಂಡ್ಯಾ?” ಎರಡೇ. ಹಿಂದೆ ಹೀಗಿರಲಿಲ್ಲ. ಗೌರಿ ಹಬ್ಬ ಮುಗಿಯುತ್ತಲೇ ಊರಿನ ಹತ್ತು ಹನ್ನೆರಡು ಹೆಂಗಸರ ಜೊತೆ ಗಂಟು ಕಟ್ಟಿ ಚನ್ನಗಿರಿ ಕಡೆಗೆ ಅಡಿಕೆ ಸುಲಿಯಲು ಹೊರಟರೆ ನಾಲ್ಕು ತಿಂಗಳು ಬಾಯಿಗೆ ಬಿಡುವಿಲ್ಲ. ಕೆರೆಬಿಳಚಿಯಲ್ಲಿ ಅಡಿಕೆ ಫಸಲನ್ನು ಗುತ್ತಿಗೆ ಹಿಡಿಯುವ ಮಲ್ಲಿಕಾರ್ಜುನಪ್ಪನ ಚೇಣಿ ಮನೆಯಲ್ಲಿ ಇಬ್ಬಿಬ್ಬರಿಗೆ ಒಂದೊಂದು ರಾಶಿ. ಎದುರುಬದುರು ಮಣೆ ಹಾಕಿಕೊಂಡು, ಮಣೆಗೆ ಜಡಿದ ಕತ್ತಿಗೆ ಕಾಯಿ ಒತ್ತಿ ಸುಲಿಯಬೇಕು. ಡಬ್ಬದ ಲೆಕ್ಕದಲ್ಲಿ ಬಂದ ಕೂಲಿಯನ್ನು ಜೋಡಿ ಸಮ ಹಂಚಿಕೊಳ್ಳುತ್ತದೆ, ಯಾರು ಹೆಚ್ಚು ಸುಲಿದರು ಎಂದು ಕೇಳುವಂತಿಲ್ಲ. ಹನ್ನೊಂದು ಸುಗ್ಗಿ ಕರಿಯಕ್ಕನ ಎದುರಿನ ಮಣೆ ಗಂಗೋತ್ರಿಯದು. ಹದಿನೈದು ವರ್ಷ ಚಿಕ್ಕವಳು, ಎರಡರಷ್ಟು ಬಾಯಿಯವಳು.

ಎರಡು ವರ್ಷದ ಹಿಂದೆ ಸುಲಿಯುವವರನ್ನು ತುಂಬಿಕೊಂಡು ಹೊರಟಿದ್ದ ಲಗೇಜ್ ಆಟೋಕ್ಕೆ ಹಿಂದಿನಿಂದ ಕಾರು ಬಂದು ಬಡಿಯಿತು. ಸರಳು ಹಿಡಿದು ಕೂತಿದ್ದ ಕರಿಯಕ್ಕನ ಕೈ ಸರಳಿನ ನಡುವೆಯೇ ನುಜ್ಜುಗುಜ್ಜಾಯಿತು. ಆಸ್ಪತ್ರೆಯಲ್ಲಿ ನಲವತ್ತು ದಿನ ಅವಳ ತಲೆ ಬಾಚಿದವಳು, ತುತ್ತು ಮಾಡಿ ತಿನ್ನಿಸಿದವಳು, ಹೇಳಲು ನಾಚಿಕೆಯಾಗುವ ಕೆಲಸವನ್ನೆಲ್ಲ ಮುಖ ಸಿಂಡರಿಸದೆ ಮಾಡಿದವಳು ಗಂಗೋತ್ರಿ. ಆಮೇಲೆ ಬರುವುದು ಕಡಿಮೆಯಾಯಿತು. ಆಮೇಲೆ ನಿಂತೇ ಹೋಯಿತು. ಸುಗ್ಗಿ ಮುಗಿದರೂ ಊರಿಗೆ ಬರದೆ ಕೆರೆಬಿಳಚಿಯಲ್ಲೇ ಉಳಿದಳು. ಕೈ ಹೋದವಳ ಹತ್ತಿರ ಯಾರಿಗೇನು ಕೆಲಸ ಎಂದುಕೊಂಡ ಕರಿಯಕ್ಕ ಒಳಗೊಳಗೇ ಅತ್ತು, ತಾನಾಗಿ ಸುಮ್ಮನಾಗಿದ್ದಳು.

ಮೇಡಂ ಹಳೆಯ ಫೈಲು ತೆಗೆದು ತೋರಿಸಿದರು. ಐದು ಜನರ ಗುಂಪು, ಐದು ಫೋಟೋ, ಐದು ಸಹಿ. ಕರಿಯಕ್ಕನ ಸಹಿ ಮೂರನೆಯದು. ಸಂಘದವರು ಹದಿನೈದು ದಿನ ಕೂರಿಸಿ ಕಲಿಸಿದ ನಾಲ್ಕು ಅಕ್ಷರ, ಒಂದು ಮೇಲೆ ಒಂದು ಕೆಳಗೆ. ಆಗ ಬಲಗೈ ನೆಟ್ಟಗಿತ್ತು. ವಕೀಲರ ಗುಮಾಸ್ತ ಸಿದ್ದೇಶ್ ಪಾಸ್‌ಬುಕ್ ಕೇಳಿದ ದಿನವೇ, “ಈ ಖಾತೆ ಮೇಲೆ ಸಾಲ ಗೀಲ ಏನಾರ ಐತೇನಮ್ಮಾ?” ಎಂದಿದ್ದ. “ಒಂದು ರೂಪಾಯಿ ಇಲ್ಲ” ಎಂದು ಇವಳು ಎದೆ ತಟ್ಟಿದ್ದಳು. ಸುಳ್ಳಲ್ಲ. ಅವರ ಗುಂಪಿನಲ್ಲಿ ಸಾಲವೆಂದರೆ ಕೈಗೆ ಇಸಕೊಂಡ ದುಡ್ಡು. ಒಬ್ಬರಿಗೊಬ್ಬರು ಹಾಕಿದ ಸಹಿಯನ್ನು ಸಾಲವೆಂದು ಐವರಲ್ಲಿ ಯಾರೂ ಲೆಕ್ಕಕ್ಕೆ ಹಿಡಿದವರಲ್ಲ.

“ಬಾಕಿ ಮೂರು ಜನದ ಖಾತೆಯಲ್ಲಿ ನೂರು, ಇನ್ನೂರು ಐತೆ. ದುಡ್ಡು ಸಿಕ್ಕಿದ್ದು ನಿಮ್ಮದರಲ್ಲೇ” ಎಂದರು ಮೇಡಂ. ಅವರ ದನಿಯಲ್ಲೂ ಬೇಸರವಿತ್ತು. “ಹಿಂಗೆ ಮಾಡ್ರಿ. ಅವರನ್ನ ಕರ್ಕೊಂಡು ಬರ್ರಿ. ಅರ್ಧನಾದ್ರೂ ಕಟ್ಟಿದ್ರೆ ಹೋಲ್ಡ್ ತೆಗೆಸಾಕೆ ಮ್ಯಾನೇಜರ್ ಹತ್ರ ನಾನೇ ಮಾತಾಡ್ತೀನಿ.”

ಕರಿಯಕ್ಕನಿಗೆ ನೆತ್ತಿಗೇರಿದ ಸಿಟ್ಟು ಮನೆಗೆ ಬಂದರೂ ಇಳಿಯಲಿಲ್ಲ. ಕೈ ಮುರಿದದ್ದು ನನ್ನದು, ದುಡ್ಡು ಅವಳದೋ? ಮುಖ ತೋರಿಸದೆ ಹೋದವಳು ನನ್ನ ಬೆರಳನ್ನೂ ಹೊತ್ತುಕೊಂಡು ಹೋದಳಲ್ಲ! ಬೆಳಿಗ್ಗೆ ಯಾರಿಗೂ ಹೇಳದೆ ಆಧಾರ್ ಕಾರ್ಡು ಸೆರಗಿಗೆ ಕಟ್ಟಿಕೊಂಡು ಬಿಟ್ಟಿ ಟಿಕೆಟಿನ ಸರ್ಕಾರಿ ಬಸ್ಸು ಹತ್ತಿದಳು. ದಾವಣಗೆರೆಯಲ್ಲಿ ಬಸ್ಸು ಬದಲಿಸಿದಳು. ಏನು ಕೇಳಬೇಕು, ಹೇಗೆ ಬೈಯಬೇಕು ಎಂದು ದಾರಿಯುದ್ದಕ್ಕೂ ಒಪ್ಪ ಮಾಡಿಕೊಂಡಳು.

ಚೇಣಿ ಮನೆಯ ತಗಡಿನ ಚಪ್ಪರದಡಿ ಸಾಲು ಹಾಗೇ ಇತ್ತು. ಹಸಿ ಅಡಿಕೆಯ ಒಗರು ವಾಸನೆ, ಬೇಯುವ ಹಂಡೆಗಳ ಹೊಗೆ, ಎಲ್ಲಕ್ಕಿಂತ ಮೇಲೆ ಹೆಂಗಸರ ಮಾತು. ಬಾಗಿಲಲ್ಲಿ ನಿಂತಿದ್ದ ಮಲ್ಲಿಕಾರ್ಜುನಪ್ಪ ಅವಳನ್ನು ಗುರುತು ಹಿಡಿದು, “ಬಂದ್ಯಾ ಮಾರಾಯ್ತಿ! ಬಂದು ನಿನ್ನ ಜೋಡಿಗೆ ಬುದ್ಧಿ ಹೇಳು” ಎಂದ. “ಎರಡು ಸುಗ್ಗಿ ಆತು, ಒಂಟಿ ರಾಶಿ ಹಾಕಿಸ್ಕಂಡು ಕುಂತಾಳೆ. ಬೇರೆ ಜೋಡಿ ಕೊಡ್ತೀನಿ ಅಂದ್ರೆ ಬ್ಯಾಡ ಅಂತಾಳೆ. ನಮ್ಮಕ್ಕ ಬರ್ತಾಳೆ, ಮಣೆ ತೆಗೀಬ್ಯಾಡ್ರಿ ಅಂತಾಳೆ. ಆ ಜಾಗಕ್ಕೆ ಇನ್ನೊಬ್ಬರು ಕುಂತಿದ್ರೆ ನನಗೆ ದಿನಕ್ಕೆ ಎಷ್ಟು ಡಬ್ಬ ಹೆಚ್ಚಾಗ್ತಿತ್ತು ಗೊತ್ತಾ?”

ಸಾಲಿನ ಕೊನೆಯಲ್ಲಿ ಗಂಗೋತ್ರಿ ಕೂತಿದ್ದಳು. ಅವಳ ಎದುರಿಗೆ ಒಂದು ಮಣೆ ಬೋರಲು ಬಿದ್ದಿತ್ತು. ಕತ್ತಿ ಕೆಳಗಾಗಿ ಮಣೆ ಬೋರಲು ಇದ್ದರೆ ಜಾಗಕ್ಕೆ ಆಳಿದೆ, ಎದ್ದು ಹೋಗಿದ್ದಾಳೆ, ಬರುತ್ತಾಳೆ ಎಂದು ಅರ್ಥ. ಊಟಕ್ಕೆ ಎದ್ದವರು ಹಾಗೆ ಮಾಡಿ ಹೋಗುತ್ತಾರೆ. ಎರಡು ವರ್ಷದವರೆಗೆ ಯಾರಾದರೂ ಮಣೆಯನ್ನು ಹಾಗೇ ಇಟ್ಟದ್ದನ್ನು ಕರಿಯಕ್ಕ ಎಂದೂ ಕಂಡಿರಲಿಲ್ಲ.

ಗಂಗೋತ್ರಿ ತಲೆಯೆತ್ತಿದಳು. ಕೈಯಲ್ಲಿದ್ದ ಕಾಯಿ ಜಾರಿ ರಾಶಿಗೆ ಬಿತ್ತು. “ಅಕ್ಕಾ” ಎಂದಳು. ಎದ್ದು ಮಣೆಯನ್ನು ನೆಟ್ಟಗೆ ಮಾಡಿ ಸೆರಗಿನಿಂದ ಧೂಳು ಒರೆಸಿದಳು. ಕರಿಯಕ್ಕ ಕೂತಳು.

“ಊರ ಕಡೆ ತಲೆ ಹಾಕ್ಲಿಲ್ಲ ನೀನು.”

“ಯಾವ ಮುಖ ಇಟ್ಕಂಡು ಬರ್ಲಕ್ಕಾ? ಬ್ಯಾಂಕಿನ ಕಂತು ನಿಂತೋಯ್ತು. ಗುಂಪಿನೋರು ಬೀದೀಲಿ ನಿಂತು ಬೈದ್ರು.”

“ಯಾಕೆ ನಿಂತೋಯ್ತು? ಎಮ್ಮೆ ತರಾಕೆ ಅಂತಲ್ವಾ ಸಾಲ ಮಾಡಿದ್ದು? ಹಾಲಿನ ದುಡ್ಡಲ್ಲಿ ನೀನು ಕಟ್ತಿದ್ದೆಯಲ್ಲ.”

“ಎಮ್ಮೆ ಎಲ್ಲೈತೆ?” ಗಂಗೋತ್ರಿ ಮತ್ತೆ ಕಾಯಿ ಎತ್ತಿಕೊಂಡಳು. ಮುಖ ನೋಡದೆ ಮಾತಾಡಲು ಅವಳಿಗೆ ಕೆಲಸ ಬೇಕಿತ್ತು. “ನೀನು ಆಸ್ಪತ್ರೇಲಿ ಇದ್ದಾಗ್ಲೇ ಮಾರಿದೆ. ನಮ್ ಹುಡುಗ ಕೆಂಚೇಶ್ ಕೊಯ್ಲು ಮಷಿನ್ ಜೊತೆ ಆಂಧ್ರದ ಕಡೆ ಹೋಗಿದ್ದ. ಹಾಲು ಕರಿಯೋರಿಲ್ದೆ ಎಮ್ಮೆ ಕೆಚ್ಚಲು ಬಾತು ಕೂಗ್ತೈತೆ ಅಂತ ಪಕ್ಕದ ಮನೆ ಬೋರಣ್ಣ ಫೋನ್ ಮಾಡಿದ. ನಿನ್ನ ಬಿಟ್ಟು ಹೆಂಗೆ ಬರ್ಲಿ? ಬಂದಷ್ಟಕ್ಕೆ ಕೊಡು ಅಂದೆ. ಊಟಕ್ಕೆ, ಔಷಧಿಗೆ, ಅದೂ ಇದೂ ಅಂತ ಆ ದುಡ್ಡು ಅಲ್ಲೇ ಆತು ಬಿಡು.”

ನಲವತ್ತು ದಿನ ದಿನಾ ಬೆಳಿಗ್ಗೆ ಲೋಟದಲ್ಲಿ ಬರುತ್ತಿದ್ದ ಬಿಸಿ ಹಾಲು ಕರಿಯಕ್ಕನಿಗೆ ನೆನಪಾಯಿತು. ಎಲ್ಲಿಂದ ತಂದೆ ಎಂದು ಒಂದು ದಿನವಾದರೂ ಕೇಳಿರಲಿಲ್ಲ. ಅವಳು ಕೊಟ್ಟಳು, ಇವಳು ಕುಡಿದಳು. ಸಕ್ಕರೆ ಕಡಿಮೆಯಾಯಿತೆಂದು ಒಂದು ಸಲ ರೇಗಿಯೂ ಇದ್ದಳು. ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

“ಬ್ಯಾಂಕಿನೋರು ನಿನಗೇನೂ ತೊಂದ್ರೆ ಕೊಟ್ಟಿಲ್ಲ ತಾನೇ?” ಗಂಗೋತ್ರಿ ಈಗ ನೇರ ನೋಡಿದಳು. “ನಿನ್ ಸಹಿ ಐತಲ್ಲ ಅದರಾಗೆ. ಅದೊಂದೇ ನನಗೆ ನಿದ್ದೆ ಕೆಡಿಸೈತೆ. ಈ ಸುಗ್ಗಿಗೆ ಹತ್ತು ಸಾವಿರ ಕಟ್ತೀನಿ. ಬರೋ ಸುಗ್ಗಿಗೆ ನೀನೂ ಕುಂತ್ರೆ ಜೋಡಿ ಕೂಲಿ, ಬೇಗ ತೀರ್ತೈತೆ.”

ಕೇಳಲೆಂದೇ ಬಂದಿದ್ದ ಮಾತಿಗೆ ಬಾಗಿಲು ತಾನಾಗಿ ತೆರೆದಿತ್ತು. ಕರಿಯಕ್ಕ ಗಂಗೋತ್ರಿಯ ಕೈ ನೋಡಿದಳು. ಅಡಿಕೆ ರಸದ ಚೊಗರು ಹಿಡಿದು ಉಗುರಿನ ಬುಡದವರೆಗೆ ಕಪ್ಪಾದ ಬೆರಳು, ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು.

“ನನಗ್ಯಾಕೆ ತೊಂದ್ರೆ ಕೊಡ್ತಾರೆ? ಏನೂ ಇಲ್ಲ” ಎಂದಳು.

“ಆಪರೇಷನ್ ಯಾವಾಗ?”

“ದೀಪಾವಳಿ ಒಳಗೆ ಅಂದಾರೆ.”

ಗಂಗೋತ್ರಿಯ ಮುಖ ಅರಳಿದ್ದನ್ನು ನೋಡಲಾಗದೆ ಕರಿಯಕ್ಕ ರಾಶಿಗೆ ಬಲಗೈ ಹಾಕಿದಳು. ಕಾಯಿ ಬೆರಳ ಸಂದಿಯಿಂದ ಉರುಳಿ ಹೋಯಿತು. ಇನ್ನೊಂದನ್ನೂ ಹಿಡಿಯಲಾಗಲಿಲ್ಲ. ಆಗ ಎಡಗೈಯಿಂದ ಒಂದು ಕಾಯಿ ಎತ್ತಿ ಗಂಗೋತ್ರಿಯ ಕೈಗೆ ಕೊಟ್ಟಳು. ಆಮೇಲೆ ಇನ್ನೊಂದು. “ಹಿಂಗೆ ಕೊಟ್ರೆ ನಂಗೇ ತಡ ಆಗ್ತೈತೆ ಕಣಕ್ಕಾ” ಎಂದು ನಗುತ್ತಲೇ ಗಂಗೋತ್ರಿ ಇಸಕೊಂಡಳು. ಸುಲಿದ ಅಡಿಕೆಯನ್ನು ಕರಿಯಕ್ಕನೇ ಡಬ್ಬಕ್ಕೆ ತುಂಬಿದಳು. ಸಾಲಿನವರು ಹಳೆಯ ತಮಾಷೆಗಳನ್ನೆಲ್ಲ ಹೊರಗೆ ತೆಗೆದರು. ಮೂರೂವರೆ ಗಂಟೆಯ ಬಸ್ಸಿನ ಹೊತ್ತಾಗುವವರೆಗೆ ಕರಿಯಕ್ಕ ಎರಡು ವರ್ಷದ ಮಾತನ್ನು ಆಡಿ ಮುಗಿಸಿದಳು, ಒಂದನ್ನು ಬಿಟ್ಟು. ಹೊರಡುವಾಗ ಗಂಗೋತ್ರಿ ಮಣೆಯನ್ನು ಮತ್ತೆ ಬೋರಲು ಹಾಕಿದಳು. ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿಯಿತ್ತು.

ಮರುದಿನ ಬ್ಯಾಂಕಿನಲ್ಲಿ ಶಾಂತಲಾ ಮೇಡಂ ಅವಳ ಹಿಂದೆ ಇನ್ನಾರಾದರೂ ಬಂದಿದ್ದಾರೆಯೇ ಎಂದು ನೋಡಿದರು.

“ಗಂಗೋತ್ರಿ ಬರಲಿಲ್ವಾ?”

“ಸಿಗಲಿಲ್ರೀ ಮೇಡಂ. ಎಲ್ಲಿ ಅದಾಳೋ. ಹಿಡಿದಿಟ್ಟ ದುಡ್ಡು ಅವಳ ಸಾಲಕ್ಕೇ ಜಮಾ ಮಾಡ್ಕಳ್ರಿ. ಎಲ್ಲಿ ಒತ್ತಬೇಕು ತೋರಿಸ್ರಿ.”

“ಆಪರೇಷನ್ ಐತೆ ಅಂದಿದ್ರಲ್ಲಮ್ಮಾ. ಇನ್ನೊಂದು ನಾಲ್ಕು ದಿನ ಯೋಚನೆ ಮಾಡ್ರಿ.”

“ಮಾಡಿದೀನಿ.”

ಮೇಡಂ ಕಾಗದ ಬರೆದು ಓದಿ ಹೇಳಿದರು. ಗಂಗೋತ್ರಿಯ ಸಾಲ ತೀರಿತು ಎಂಬ ಚೀಟಿಯನ್ನು ಅವಳ ವಿಳಾಸಕ್ಕೆ ಕಳಿಸುತ್ತೇವೆ ಎಂದರು.

“ಈಗ್ಲೇ ಬ್ಯಾಡ್ರಿ ಮೇಡಂ. ಅಡಿಕೆ ಸುಲಿಯೋದು ಮುಗೀಲಿ. ಈ ಸುಗ್ಗಿ ಒಂದು ಕಳೀಲಿ, ಆಮೇಲೆ ಕಳಿಸ್ರಿ.”

ಅಲ್ಲಿಯವರೆಗಾದರೂ ಚಪ್ಪರದಡಿಯ ಆ ಮಣೆ ಬೋರಲಾಗಿಯೇ ಇರಲಿ ಎಂದು ಅವಳ ಆಸೆ. ಮೇಡಂ ಶಾಯಿಯ ಡಬ್ಬಿಯನ್ನು ಮುಂದೆ ಸರಿಸಿದರು. ಕರಿಯಕ್ಕ ಎಡಗೈ ಹೆಬ್ಬೆಟ್ಟನ್ನು ಗಟ್ಟಿಯಾಗಿ ಒತ್ತಿದಳು. ಒರೆಸಿಕೊಳ್ಳಲು ಕೊಟ್ಟ ಬಟ್ಟೆಯಿಂದ ನೀಲಿ ಶಾಯಿ ಹೋಯಿತು. ಅದರ ಕೆಳಗೆ ನಿನ್ನೆಯ ಅಡಿಕೆಯ ಕಂದು ಹಾಗೇ ಉಳಿದಿತ್ತು. ಮೇಡಂ ಇನ್ನೊಂದು ಚಿಂದಿ ಒದ್ದೆ ಮಾಡಿ ಕೊಡಲು ಹೋದರು.

“ಇರ್ಲಿ ಬಿಡ್ರಿ” ಎಂದು ಕರಿಯಕ್ಕ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.